ಕುಂಡದ ಮಣ್ಣು ಹುಳಿಯಾದಾಗ

ಗೊಬ್ಬರ, ನೀರು, ಬಿಸಿಲು ಮೂರೂ ಸಿಕ್ಕಿದ್ದರೂ ಕುಂಡದ ಟೊಮೆಟೊ ಅಥವಾ ಮೆಣಸಿನಗಿಡ ಬೆಳೆಯದೆ ನಿಂತರೆ ಮಣ್ಣು ಹುಳಿಯಾಗಿರಬಹುದು. ಈ ಹುಳಿಯನ್ನು ಅಳೆಯುವ ಪಿಎಚ್ ಮಾಪಕವನ್ನು 1909ರಲ್ಲಿ ರೂಪಿಸಿದವನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್ಸೆನ್. ನಮ್ಮ ಕೃಷಿ ಪುಸ್ತಕಗಳು ಇದನ್ನು ರಸಸಾರ ಎನ್ನುತ್ತವೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಒಂದೊಂದು ಅಂಕಿ ಇಳಿದಂತೆ ಹುಳಿ ಹತ್ತು ಪಟ್ಟು ಏರುವುದರಿಂದ, ರಸಸಾರ 5 ಇರುವ ಮಣ್ಣು 7 ಇರುವ ಮಣ್ಣಿಗಿಂತ ನೂರು ಪಟ್ಟು ಹುಳಿ. ತರಕಾರಿ, ಹೂಗಿಡಗಳಲ್ಲಿ ಹೆಚ್ಚಿನವು 6ರಿಂದ 7ರ ನಡುವೆ ಸುಖವಾಗಿರುತ್ತವೆ.

ತೆಲಂಗಾಣದ ಗಡಿಯಲ್ಲಿ ಬೀದರಿಗೆ ಅಂಟಿಕೊಂಡಿರುವ ನ್ಯಾಲ್ಕಲ್, ಜಹೀರಾಬಾದ್ ಸೀಮೆಯಲ್ಲಿ ಎರಡು ಬಗೆಯ ಮಣ್ಣು ಅಕ್ಕಪಕ್ಕದಲ್ಲೇ ಸಿಗುತ್ತದೆ. ನ್ಯಾಲ್ಕಲ್, ನಾರಾಯಣಖೇಡ್ ಕಡೆಯ ಎರೆಭೂಮಿ ಬಸಾಲ್ಟ್ ಬಂಡೆ ಸವೆದು ಆದದ್ದು. ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ. ರಸಸಾರ ಸಾಮಾನ್ಯವಾಗಿ 7.5ರ ಮೇಲೆಯೇ. ಬೀದರಿನ ದಿಬ್ಬದಿಂದ ಜಹೀರಾಬಾದಿನತ್ತ ಹಬ್ಬಿದ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ. ಯುಗಯುಗಗಳ ಮಳೆ ಅದರೊಳಗಿನ ಸುಣ್ಣ, ಮೆಗ್ನೀಸಿಯಂಗಳನ್ನು ತೊಳೆದು ಒಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಮಾತ್ರ ಉಳಿಸಿದೆ. ಹೀಗಾಗಿ ಜಂಬಿಟ್ಟಿಗೆ ಮಣ್ಣು ಹುಳಿಯ ಕಡೆಗೇ ವಾಲುತ್ತದೆ. ಇನ್ನು ತಾಂಡೂರಿನಲ್ಲಿ ನೆಲದಡಿ ಇರುವುದು ಸುಣ್ಣದ ಕಲ್ಲು. ಮನೆಮನೆಗೆ ಹಾಸುವ ಫರಸಿ ಅದೇ. ಹುಳಿಗೆ ಮದ್ದು ಸುಣ್ಣವೇ; ಅಂದರೆ ರೋಗ ಒಂದು ಊರಿನಲ್ಲಿ, ಮದ್ದು ನೆರೆಯ ಊರಿನಲ್ಲಿ.

ಹೊಲದ ಮಣ್ಣಿಗಿಂತ ಕುಂಡದ ಮಣ್ಣು ಬಹಳ ಬೇಗ ಹುಳಿಯಾಗುತ್ತದೆ. ಇರುವುದೇ ಹತ್ತು ಹದಿನೈದು ಕಿಲೋ ಮಣ್ಣು. ದಿನವೂ ಸುರಿದ ನೀರು ತಳದ ತೂತಿನಿಂದ ಹರಿದುಹೋಗುವಾಗ ಕರಗಿದ ಸುಣ್ಣವನ್ನೂ ಹೊತ್ತೊಯ್ಯುತ್ತದೆ. ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ಹಾಕಿದಾಗ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆ ಕ್ರಿಯೆಯಲ್ಲಿ ಹುಳಿ ಹುಟ್ಟುತ್ತದೆ. ಮೂರರಲ್ಲಿ ಅಮೋನಿಯಂ ಸಲ್ಫೇಟ್ ಹೆಚ್ಚು ಹುಳಿ ಮಾಡುವಂಥದ್ದು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವುದು ಬೋರ್‌ವೆಲ್ ನೀರು. ಗಡಸು ನೀರಿನ ಬೈಕಾರ್ಬನೇಟ್ ದಿನದಿನಕ್ಕೂ ರಸಸಾರವನ್ನು ಮೇಲಕ್ಕೆ ತಳ್ಳುತ್ತದೆ. ಎರೆಮಣ್ಣು ತುಂಬಿ ಬೋರಿನ ನೀರು ಹಾಕುವ ಕುಂಡ ಹುಳಿಯಾಗುವುದು ಅಪರೂಪ. ಜಂಬಿಟ್ಟಿಗೆ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಮಳೆನೀರು ಹಾಕಿ, ತಿಂಗಳಿಗೊಮ್ಮೆ ರಾಸಾಯನಿಕ ಗೊಬ್ಬರ ಕೊಡುವ ಮಾಳಿಗೆಯ ಕುಂಡಗಳೇ ತೊಂದರೆಗೆ ಸಿಕ್ಕುವುದು.

ರಸಸಾರ 5.5ಕ್ಕಿಂತ ಇಳಿದರೆ ಮಣ್ಣಿನಲ್ಲಿ ಬಿಗಿಯಾಗಿ ಕೂತಿದ್ದ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನು ಸುಡುತ್ತದೆ. ಬೇರು ಉದ್ದವಾಗದೆ ಮೊಂಡಾಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುವುದರಿಂದ ಅದು ಗಿಡಕ್ಕೆ ದಕ್ಕುವುದಿಲ್ಲ. ಮೆಗ್ನೀಸಿಯಂ ಸಾಲದೆ ಕೆಳಗಿನ ಹಳೆಯ ಎಲೆಗಳ ನರಗಳ ನಡುವೆ ಹಳದಿ ಬರುತ್ತದೆ. ಅವರೆ, ಹುರುಳಿಕಾಯಿಯಂಥ ಗಿಡಗಳ ಬೇರಿನಲ್ಲಿ ಗಂಟು ಕಟ್ಟುವುದೂ ಕಡಿಮೆಯಾಗುತ್ತದೆ. ಆದರೆ ಎಲೆ ಹಳದಿಯಾದುದೆಲ್ಲ ಹುಳಿಯಿಂದಲ್ಲ. ತುದಿಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ; ಈ ಸೀಮೆಯಲ್ಲಿ ಅದಕ್ಕೆ ಸಾಮಾನ್ಯ ಕಾರಣ ಸುಣ್ಣ ಹೆಚ್ಚಾಗಿರುವುದು. ಅಂಥ ಕುಂಡಕ್ಕೆ ಮತ್ತೆ ಸುಣ್ಣ ಹಾಕಿದರೆ ಗಿಡ ಉಳಿಯುವುದು ಕಷ್ಟ.

ಆದ್ದರಿಂದ ಮೊದಲು ಅಳತೆ, ಆಮೇಲೆ ಮದ್ದು. ನಮ್ಮ ಮಣ್ಣು ಪರೀಕ್ಷಾಲಯಗಳ ರೂಢಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು. ಮೇಲಿನ ಎರಡು ಬೆರಳು ಮಣ್ಣು ಸರಿಸಿ ಬೇರಿನ ಸುತ್ತಲ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, 20 ಗ್ರಾಂಗೆ 50 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಅರ್ಧ ಗಂಟೆ ಆಗಾಗ ಕಲಕಿ ಪಿಎಚ್ ಮೀಟರನ್ನೋ ಪಟ್ಟಿಯನ್ನೋ ಅದ್ದಿ ನೋಡಬಹುದು. ಮಣ್ಣಿಗೆ ನೇರವಾಗಿ ಚುಚ್ಚುವ ಅಗ್ಗದ ಮೀಟರುಗಳನ್ನು ನಂಬುವುದಕ್ಕಿಂತ ಪಟ್ಟಿ ಮೇಲು. ಇನ್ನೂ ಖಚಿತ ಅಂಕಿ ಬೇಕಿದ್ದವರಿಗೆ ಜಹೀರಾಬಾದಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ. ಕರ್ನಾಟಕದ ಕಡೆ ಬೀದರಿನ ಜನವಾಡದಲ್ಲೂ ಒಂದಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ರಸಸಾರವೂ ಒಂದು.

ಹುಳಿ ಖಚಿತವಾದ ಮೇಲೆ ಹಾಕಬೇಕಾದದ್ದು ನುಣ್ಣಗೆ ಪುಡಿ ಮಾಡಿದ ಸುಣ್ಣದ ಕಲ್ಲು, ಅಂದರೆ ಕೃಷಿ ಸುಣ್ಣ. ಅದರ ಕಾರ್ಬನೇಟ್ ಹುಳಿಯೊಡನೆ ಸೇರಿ ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಕ್ಯಾಲ್ಸಿಯಂ ಮಣ್ಣಿನ ಕಣಗಳಿಗೆ ಅಂಟಿದ್ದ ಹುಳಿಯನ್ನು ಎಬ್ಬಿಸಿ ತಾನು ಕೂರುತ್ತದೆ. ಡಾಲೊಮೈಟ್ ಆದರೆ ಜೊತೆಗೆ ಮೆಗ್ನೀಸಿಯಂ ಕೂಡ ಸಿಗುತ್ತದೆ. ಜಂಬಿಟ್ಟಿಗೆ ಮಣ್ಣಿಗೆ ಅದೇ ಒಳ್ಳೆಯದು. ಕಿಲೋ ಮಣ್ಣಿಗೆ 1ರಿಂದ 2 ಗ್ರಾಂ ಆರಂಭಕ್ಕೆ ಸಾಕು. ಹತ್ತು ಕಿಲೋ ಮಣ್ಣಿನ ಕುಂಡಕ್ಕೆ ಅದು ಎರಡರಿಂದ ನಾಲ್ಕು ಟೀ ಚಮಚ. ಮರಳು ಹೆಚ್ಚಿರುವ ಮಣ್ಣಿಗೆ ಕಡಿಮೆ, ಜಿಗುಟು ಮಣ್ಣಿಗೆ ಹೆಚ್ಚು ಬೇಕು; ಜೇಡಿಕಣ ಹಾಗೂ ಕೊಳೆತ ಸಾವಯವ ಅಂಶ ಹುಳಿಯನ್ನು ಬಚ್ಚಿಟ್ಟುಕೊಂಡಿರುತ್ತವೆ, ಮೀಟರಿಗೆ ಅದು ಕಾಣುವುದಿಲ್ಲ. ಹೊಸ ಕುಂಡ ತುಂಬುವಾಗ ಮಣ್ಣಿನಲ್ಲೆಲ್ಲ ಬೆರೆಸುವುದು ಉತ್ತಮ. ಗಿಡ ಆಗಲೇ ಇದ್ದರೆ ಮೇಲ್ಮಣ್ಣನ್ನು ಮೆಲ್ಲಗೆ ಕೆದರಿ ಬೆರೆಸಿ ನೀರು ಹಾಕಬೇಕು. ನಾಲ್ಕರಿಂದ ಆರು ವಾರ ಕಾದು ಮತ್ತೆ ಅಳೆಯದೆ ಎರಡನೆಯ ಸಲ ಹಾಕಬಾರದು.

ವೀಳ್ಯದೆಲೆಗೆ ಹಚ್ಚುವ ಸುಣ್ಣ, ಗೋಡೆಯ ಸುಣ್ಣ ಇವು ಸುಟ್ಟು ಅರಳಿಸಿದವು. ಇವುಗಳ ಬಲ ಕೃಷಿ ಸುಣ್ಣದ ಒಂದೂ ಕಾಲು ಪಟ್ಟಿಗಿಂತ ಹೆಚ್ಚು; ಸುಣ್ಣದ ತಿಳಿನೀರಿನ ರಸಸಾರ 12 ದಾಟುತ್ತದೆ. ಖಾಲಿ ಮಣ್ಣಿಗೆ ಬೆರೆಸಿ ಕೆಲವು ವಾರ ಬಿಟ್ಟರೆ ಸರಿ, ಗಿಡವಿರುವ ಕುಂಡಕ್ಕೆ ಸಲ್ಲದು. ತಾಂಡೂರು ಫರಸಿಯ ಪುಡಿಯೂ ಕೆಲಸಕ್ಕೆ ಬರುತ್ತದೆ. ಒಂದು ಚಿಟಿಕೆಗೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಬಹುದು. ಆದರೆ ಆ ಕಲ್ಲಿನಲ್ಲಿ ಸಿಲಿಕಾ, ಜೇಡಿಗಳೂ ಬೆರೆತಿರುವುದರಿಂದ ಪೂರ್ತಿ ಸುಣ್ಣ ಎಂದು ಲೆಕ್ಕ ಹಾಕುವಂತಿಲ್ಲ. ಒಲೆಯ ಬೂದಿ ಬೇಗ ಕೆಲಸ ಮಾಡುತ್ತದೆ, ಅದರ ಬಲ ಮಾತ್ರ ಕಟ್ಟಿಗೆಗೊಂದು ತರ. ಮೊಟ್ಟೆ ಸಿಪ್ಪೆ ಬಹುಪಾಲು ಶುದ್ಧ ಕಾರ್ಬನೇಟೇ. ಕೈಯಲ್ಲಿ ಮುರಿದು ಹಾಕಿದರೆ ವರ್ಷವಾದರೂ ಹಾಗೇ ಬಿದ್ದಿರುತ್ತದೆ, ಮಿಕ್ಸಿಯಲ್ಲಿ ಹಿಟ್ಟು ಮಾಡಿದರೆ ಮಾತ್ರ ಉಪಯೋಗ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆಯೇ ಹೊರತು ಹುಳಿ ಇಳಿಸುವುದಿಲ್ಲ. ಇವೆಲ್ಲಕ್ಕಿಂತ ಸುಲಭದ ದಾರಿ ಈ ಸೀಮೆಯವರ ಕಾಲಡಿಯಲ್ಲೇ ಇದೆ: ಮೂರು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಎರೆಮಣ್ಣು. ಅದರ ಸುಣ್ಣ ಹುಳಿಯನ್ನು ತಗ್ಗಿಸುತ್ತದೆ, ಜೇಡಿ ನೀರನ್ನೂ ಹಿಡಿದಿಡುತ್ತದೆ.

ಸುಣ್ಣ ಹಾಗೂ ಯೂರಿಯಾ ಅಥವಾ ಡಿಎಪಿಯನ್ನು ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಎರಡು ವಾರವಾದರೂ ಅಂತರವಿರಬೇಕು. ಎಲ್ಲ ಗಿಡಕ್ಕೂ ಸುಣ್ಣ ಹಿತವಲ್ಲ. ಅಜೇಲಿಯಾಕ್ಕೆ ಹುಳಿ ಮಣ್ಣೇ ಬೇಕು. ಜಹೀರಾಬಾದ್ ಕಡೆ ಹೊಲದಲ್ಲಿ ಬೆಳೆಯುವ ಆಲೂಗಡ್ಡೆಯನ್ನು ಚೀಲದಲ್ಲಿ ಬೆಳೆಸುವವರೂ ಸುಣ್ಣ ಹಾಕದಿರುವುದೇ ಲೇಸು. ಗಡ್ಡೆಯ ಸಿಪ್ಪೆ ಒರಟಾಗಿಸುವ ಕಜ್ಜಿರೋಗ ಹುಳಿ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಅಳತೆ ಮೀರಿ ಸುಣ್ಣ ಬಿದ್ದ ಕುಂಡದಲ್ಲಿ ಕಬ್ಬಿಣ, ಸತುವು ಗಿಡಕ್ಕೆ ಸಿಗದಂತಾಗುತ್ತವೆ. ಅದಕ್ಕೆ ಮದ್ದಾಗಿ ಗಂಧಕದ ಪುಡಿ ಹಾಕಿದರೆ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲು ಹಲವು ವಾರ ಹಿಡಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಗಿಡವನ್ನು ಬೇರಿನ ಮುದ್ದೆಯೊಡನೆ ಎತ್ತಿ, ಸುತ್ತಲಿನ ಮಣ್ಣು ಉದುರಿಸಿ, ಹೊಸ ಕೆಂಪು ಮಣ್ಣಿಗೆ ಕೊಳೆತ ಗೊಬ್ಬರ ಬೆರೆಸಿ ತುಂಬುವುದು ಬೇಗ ಮುಗಿಯುವ ಕೆಲಸ.