ಕರೆದರೂ ತಿರುಗದ ಮಗು

ಹಂಪಿಯ ಕಲ್ಲಿನ ರಥದ ಮುಂದೆ ಮಗು ಗಾಲಿಯನ್ನೇ ನೋಡುತ್ತ ನಿಂತಿದೆ. ಅಮ್ಮ ಎಷ್ಟು ಕರೆದರೂ ತಿರುಗುವುದಿಲ್ಲ. ಸಂಡೂರು, ಕಂಪ್ಲಿ ಕಡೆ ಇದನ್ನು ಹಟ ಎನ್ನುವವರುಂಟು; ಆಟಿಸಂ ಇರಬಹುದು. ತಾಯಿ ಸಾಕಿದ್ದರಲ್ಲಿ ದೋಷವಂತೂ ಅಲ್ಲವೇ ಅಲ್ಲ.

ಅಮ್ಮ ನಕ್ಕಾಗ ಮಗುವಿನ ಮಿದುಳಿನ ಸ್ಟ್ರಯೇಟಂ ಎಂಬ ಭಾಗದಲ್ಲಿ ಖುಷಿಯ ಸಂಕೇತ ಏಳುತ್ತದೆ. ಮತ್ತೆ ಆ ಮುಖ ನೋಡುವ ಆಸೆ ಹುಟ್ಟುತ್ತದೆ. ಆಟಿಸಂನಲ್ಲಿ ಈ ಸೆಳೆತವೇ ಕಡಿಮೆಯೆಂದು 2012ರಲ್ಲಿ ಕೋರಲಿ ಶೆವಲಿಯೆ ಮತ್ತು ಸಂಗಡಿಗರು ವಾದಿಸಿದರು. ಆದರೆ ಮುಂದಿನ ಪರೀಕ್ಷೆಗಳ ಫಲ ಒಂದೇ ತೆರನಾಗಿಲ್ಲ. ನಮಗೂ ಗೆಳೆಯರು ಬೇಕು ಎನ್ನುವ ಆಟಿಸಂ ಇರುವ ದೊಡ್ಡವರೂ ಇದ್ದಾರೆ; ನಾನಂತೂ ಅವರ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇನೆ.

ಮಗು ಆಟಿಕೆಯ ಗಾಲಿ ತಿರುಗಿಸುತ್ತಿದ್ದರೆ ಕಸಿಯಬೇಡಿ, ಪಕ್ಕದಲ್ಲಿ ಕುಳಿತು ನೀವೂ ತಿರುಗಿಸಿ. ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಹೊಸಪೇಟೆಯಲ್ಲೇ ಮಕ್ಕಳ ವೈದ್ಯರನ್ನು ಕಾಣಿ. ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.