ನಿಮಗಿದು ಗೊತ್ತೇ? ಕುರ್ಚಿ ಬಂತು, ಕುರ್ಚಿ ಹೋಯಿತು!

ಗಾಂಧಿಬಜಾರಿನಲ್ಲಿ ಸರ್ಕಾರ ಕಟ್ಟುವುದೂ ಕೆಡವುವುದೂ ಒಂದು ಬೈಟು ಕಾಫಿಯಷ್ಟು ಹೊತ್ತಿನ ಕೆಲಸ. ಆ ಹರಟೆಗೆ ಇಲ್ಲಿವೆ ಕೆಲವು ಹಳೆಯ ಸರಕು.

● ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಎಂ.ಎನ್. ಕೃಷ್ಣರಾಯರ ಹೆಸರು. 1941ರಲ್ಲಿ ಅವರು ಮೈಸೂರಿನ ಹಂಗಾಮಿ ದಿವಾನರು. ಹುದ್ದೆ ಹಂಗಾಮಿ, ಪಾರ್ಕು ಕಾಯಂ!

● ಅವರ ನಂತರ ದಿವಾನರಾದ ಎನ್. ಮಾಧವರಾಯರು ಆಮೇಲೆ ಅಂಬೇಡ್ಕರ್ ಅಧ್ಯಕ್ಷತೆಯ ಸಂವಿಧಾನ ಕರಡು ಸಮಿತಿಯಲ್ಲಿ ಸದಸ್ಯರಾಗಿದ್ದರು.

● ಕೊನೆಯ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1946ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊಟ್ಟಮೊದಲ ಅಧ್ಯಕ್ಷರೂ ಇವರೇ. ಜಗತ್ತು ಪಟ್ಟ ಕಟ್ಟಿತು. ಮರುವರ್ಷ ಜವಾಬ್ದಾರಿ ಸರ್ಕಾರ ಬೇಕೆಂದು ಎದ್ದ ‘ಮೈಸೂರು ಚಲೋ’ ಚಳವಳಿಗಾರರು ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗಿದರು. 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.

● ಜಯಚಾಮರಾಜ ಒಡೆಯರ್ ಮಹಾರಾಜರಾಗಿದ್ದರು, 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ರಾಜ್ಯದ ಸ್ವರೂಪ ಎರಡು ಸಲ ಬದಲಾಯಿತು, ವ್ಯಕ್ತಿ ಒಬ್ಬರೇ.

● 1952ರ ಮಾರ್ಚ್ 10. ಕ್ಯೂಬಾದಲ್ಲಿ ಚುನಾವಣೆಗೆ ಇನ್ನು ಮೂರು ತಿಂಗಳೂ ಇರಲಿಲ್ಲ; ಅಲ್ಲಿನ ಮಾಜಿ ಅಧ್ಯಕ್ಷ ಬಟಿಸ್ಟಾ ಸೈನ್ಯದ ಬಲದಿಂದ ಅಧಿಕಾರ ಕಿತ್ತುಕೊಂಡರು. ಅದೇ ಮಾರ್ಚ್ 30ರಂದು ಇತ್ತ ಮೈಸೂರು ರಾಜ್ಯದಲ್ಲಿ ಚುನಾವಣೆ ಗೆದ್ದ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ವಯಸ್ಸಿಗೆ ಬಂದವರೆಲ್ಲರಿಗೂ ಮತದ ಹಕ್ಕು ಸಿಕ್ಕ ಇಲ್ಲಿನ ಮೊದಲ ಚುನಾವಣೆ ಅದು. 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74.

● ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ರೆಡ್ಡಿಯವರ ಕಾಲದಲ್ಲಿ. ಈಗಿನ ಭವ್ಯ ರೂಪ ಬಂದದ್ದು ಕೆಂಗಲ್ ಅವರ ಹಟದಿಂದ. ಆದರೆ 1956ರ ಆಗಸ್ಟಿನಲ್ಲಿ ಅವರ ಕುರ್ಚಿಯೇ ಹೋಯಿತು. ಮನೆ ಕಟ್ಟಿಸಿದ ಯಜಮಾನ ಅಲ್ಲಿ ಆಳಲಿಲ್ಲ.

● ಅವರ ಬಳಿಕ ಬಂದ ಕಡಿದಾಳ್ ಮಂಜಪ್ಪನವರದು ಸುಮಾರು ಎರಡೂವರೆ ತಿಂಗಳ ಆಡಳಿತ. ನವೆಂಬರ್ 1ಕ್ಕೆ ಏಕೀಕೃತ ರಾಜ್ಯ ಹುಟ್ಟಿತು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು.

● ಜಮಖಂಡಿ ಸಂಸ್ಥಾನದಲ್ಲಿ ದಿವಾನರಾಗಿದ್ದ ಬಿ.ಡಿ. ಜತ್ತಿ 1958ರಲ್ಲಿ ಮೈಸೂರು ಮುಖ್ಯಮಂತ್ರಿ, 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿ!

● ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸುವುದನ್ನು ಜನರೂ ಕಲಿಯಬೇಕಲ್ಲ? ಅದಕ್ಕೆಂದೇ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅದು ಇಂದಿಗೂ ಬುಲ್ ಟೆಂಪಲ್ ರಸ್ತೆಯಲ್ಲಿದೆ.

● ಗವಿಪುರದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸರ್ವಿಸಿನ ದೊಡ್ಡ ಅಧಿಕಾರಿ. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಿದಾಗ ರಾಜೀನಾಮೆ ಕೊಟ್ಟು ಮನೆಗೆ ಬಂದರು. ನಲವತ್ತು ವರ್ಷದ ಮೇಲೆ ಜ್ಞಾನಪೀಠವೇ ಆ ಮನೆ ಹುಡುಕಿಕೊಂಡು ಬಂತು.

● ಕೆಂಗಲ್ ಅವರಿಗೆ ಕಾವ್ಯವನ್ನು ರಾಗವಾಗಿ ಓದುವ ಗಮಕವೆಂದರೆ ಪ್ರಾಣ. ಅವರ ಉತ್ಸಾಹದ ಫಲವಾಗಿ ಸರ್ಕಾರವೇ ಕುಮಾರವ್ಯಾಸ ಭಾರತವನ್ನು ಅಚ್ಚು ಹಾಕಿಸಿ ಎರಡು ರೂಪಾಯಿಗೆ ಮಾರಿತು. ಸಂಪಾದಕರು ಕುವೆಂಪು ಮತ್ತು ಅದೇ ಮಾಸ್ತಿ. ಕುರ್ಚಿಗಾಗಿ ಅಣ್ಣತಮ್ಮಂದಿರು ಕಾದಾಡಿದ ಕಥೆಯನ್ನು ಹೀಗೆ ಮನೆಮನೆಗೆ ಮುಟ್ಟಿಸಿದವರು ಕುರ್ಚಿ ಕಳೆದುಕೊಂಡ ಮುಖ್ಯಮಂತ್ರಿ, ಕುರ್ಚಿ ಬಿಟ್ಟೆದ್ದ ಅಧಿಕಾರಿ!