ಮೋಶೆಯ ಗ್ರಂಥಗಳನ್ನು ಬರೆದವರು ಯಾರು?

ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಮೋಶೆ ನೆಬೋ ಬೆಟ್ಟವನ್ನೇರುತ್ತಾನೆ. ವಾಗ್ದತ್ತ ನಾಡನ್ನು ದೂರದಿಂದ ಕಣ್ತುಂಬ ನೋಡಿ ಅಲ್ಲಿಯೇ ಕೊನೆಯುಸಿರೆಳೆಯುತ್ತಾನೆ. ಜನರು ಮೂವತ್ತು ದಿನ ಶೋಕಿಸುತ್ತಾರೆ. ಅವನ ಸಮಾಧಿ ಎಲ್ಲಿದೆಯೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ ಎಂಬ ಮಾತೂ ಅಲ್ಲಿದೆ. ಬೈಬಲಿನ ಮೊದಲ ಐದು ಗ್ರಂಥಗಳನ್ನು ಬರೆದವನು ಮೋಶೆ ಎಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದವರು. ಹಾಗಾದರೆ ಅವನ ಮರಣದ ಸುದ್ದಿಯನ್ನು ಬರೆದವರು ಯಾರು?

ಇದು ನಾಸ್ತಿಕರು ಹುಟ್ಟುಹಾಕಿದ ಪ್ರಶ್ನೆಯಲ್ಲ. ಪುರಾತನ ಯೆಹೂದ್ಯ ಗುರುಗಳೇ ಇದನ್ನು ಕೇಳಿಕೊಂಡಿದ್ದರು. ಕೊನೆಯ ಎಂಟು ವಚನಗಳನ್ನು ಯೆಹೋಶುವ ಬರೆದಿರಬೇಕು ಎಂಬ ಅಭಿಪ್ರಾಯ ಅವರ ತಾಲ್ಮೂದ್ ಗ್ರಂಥದಲ್ಲಿದೆ. ಇಂದು ಕಾಲೇಜಿಗೆ ಹೋಗುವ ಮಕ್ಕಳು ಇಂತಹ ವಿಷಯಗಳನ್ನು ಮೊಬೈಲಿನಲ್ಲೇ ಓದುತ್ತಾರೆ. "ಮೋಶೆ ಬರೆದದ್ದಲ್ಲವಂತೆ, ಹಾಗಾದರೆ ಬೈಬಲ್ ಸುಳ್ಳೇ?" ಎಂದು ಮನೆಯಲ್ಲಿ ಕೇಳಿದರೆ, "ಅಧಿಕಪ್ರಸಂಗ ಬೇಡ" ಎಂದು ಗದರಿಸುವುದು ಸುಲಭ. ಆದರೆ ಹಾಗೆ ಸುಮ್ಮನಾದ ಮಗು ಮತ್ತೆ ನಮ್ಮನ್ನು ಕೇಳುವುದಿಲ್ಲ, ಬೇರೆಯವರನ್ನು ಕೇಳುತ್ತದೆ.

ಕುಂಬಳೆಯ ಸುಬ್ಬನೋ, ಬ್ರಹ್ಮಾವರದ ಸುಬ್ಬನೋ?

ಕೃತಿಯ ಕರ್ತೃ ಯಾರು ಎಂಬ ಚರ್ಚೆ ಕಾಸರಗೋಡಿನವರಾದ ನಮಗೆ ಹೊಸತಲ್ಲ. 'ಪಂಚವಟಿ', 'ವಾಲಿಸಂಹಾರ' ಮುಂತಾದ ಯಕ್ಷಗಾನ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಡಾ. ಶಿವರಾಮ ಕಾರಂತರು ಇದನ್ನು ಒಪ್ಪಲಿಲ್ಲ. ಆ ಕವಿ ಅಜಪುರದ, ಅಂದರೆ ಬ್ರಹ್ಮಾವರದ ಸುಬ್ಬ ಎಂದು ವಾದಿಸಿದರು. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರಂತಹ ವಿದ್ವಾಂಸರು ಕುಂಬಳೆಯ ಪಕ್ಷ ಹಿಡಿದರು. ಪದ್ಯಗಳಲ್ಲಿ ಸ್ತುತಿಸಲ್ಪಡುವ ಕಣ್ವಪುರದ ಕೃಷ್ಣ ಕುಂಬಳೆಯ ದೇವರೇ ಅಲ್ಲವೇ ಎಂಬುದು ಈ ಪಕ್ಷದ ಒಂದು ಮುಖ್ಯ ಆಧಾರ.

ದೇವರ ಹೆಸರು, ಊರಿನ ಹೆಸರು, ಭಾಷೆಯ ಧಾಟಿ, ಹಳೆಯ ಹಸ್ತಪ್ರತಿಗಳು - ಇಂತಹ ಸುಳಿವುಗಳನ್ನು ಹಿಡಿದೇ ವಿದ್ವಾಂಸರು ಕರ್ತೃವನ್ನು ಹುಡುಕುತ್ತಾರೆ. ಬೈಬಲ್ ಪಂಡಿತರು ಮಾಡಿದ್ದೂ ಇದನ್ನೇ.

ಎರಡು ಹೆಸರು, ಎರಡು ಧಾಟಿ

ನಿಮ್ಮ ಮನೆಯ ಬೈಬಲನ್ನೇ ತೆರೆಯಿರಿ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸೃಷ್ಟಿಕರ್ತನಿಗೆ 'ದೇವರು' ಎಂಬ ಹೆಸರು ಮಾತ್ರ. ಆರು ದಿನಗಳ ಕೆಲಸ ಕ್ರಮವಾಗಿ ಸಾಗಿ, ಕೊನೆಯಲ್ಲಿ ಗಂಡುಹೆಣ್ಣುಗಳ ಸೃಷ್ಟಿಯಾಗುತ್ತದೆ. ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ 'ಸರ್ವೇಶ್ವರ' ಎಂಬ ಹೆಸರು ಸೇರಿಕೊಳ್ಳುತ್ತದೆ. ಇಲ್ಲಿ ದೇವರು ಕುಂಬಾರನಂತೆ ಮಣ್ಣಿನಿಂದ ಮೊದಲು ಮನುಷ್ಯನನ್ನು ರೂಪಿಸುತ್ತಾರೆ. ಮರಗಿಡ, ಪ್ರಾಣಿಪಕ್ಷಿಗಳು ಆಮೇಲೆ. ನೋವನ ನೌಕೆಯ ಕಥೆಯಲ್ಲಿ ಒಂದೆಡೆ ಎಲ್ಲ ಪ್ರಾಣಿಗಳೂ ಒಂದೊಂದು ಜೋಡಿ, ಇನ್ನೊಂದೆಡೆ ಶುದ್ಧ ಪ್ರಾಣಿಗಳು ಏಳೇಳು ಜೋಡಿ. ಒಂದು ಕಡೆ ಜಲಪ್ರಳಯ 40 ದಿನ, ಇನ್ನೊಂದು ಕಡೆ ನೀರು ಇಳಿಯದೆ ನಿಂತದ್ದು 150 ದಿನ.

1678ರಲ್ಲಿ ರಿಚರ್ಡ್ ಸೈಮನ್ ಎಂಬ ಫ್ರೆಂಚ್ ಕಥೋಲಿಕ ಗುರುಗಳು ಈ ಐದು ಗ್ರಂಥಗಳಲ್ಲಿ ಅನೇಕ ಲಿಪಿಕಾರರ ಕೈವಾಡ ಇದೆ ಎಂದರು. 1753ರಲ್ಲಿ ವೈದ್ಯ ಜಾನ್ ಆಸ್ತ್ರುಕ್, ದೇವರ ಎರಡು ಹೆಸರುಗಳ ಜಾಡು ಹಿಡಿದು ಆದಿಕಾಂಡವನ್ನು ಬಿಡಿಸಿ ನೋಡಿದರು. ಮೋಶೆಯೇ ಹಳೆಯ ದಾಖಲೆಗಳನ್ನು ಜೋಡಿಸಿದನು ಎಂಬುದು ಅವರ ನಂಬಿಕೆಯಾಗಿತ್ತು. ಮುಂದೆ 1878ರಲ್ಲಿ ಜರ್ಮನಿಯ ಜೂಲಿಯಸ್ ವೆಲ್‌ಹೌಸನ್ ಈ ವಾದಕ್ಕೆ ಪ್ರಸಿದ್ಧ ರೂಪ ಕೊಟ್ಟರು. ಬೇರೆಬೇರೆ ಶತಮಾನಗಳ ನಾಲ್ಕು ಮೂಲಗಳು ಹೆಣೆದುಕೊಂಡು ಈ ಐದು ಗ್ರಂಥಗಳಾದವು ಎಂಬುದು ಅದರ ಸಾರ. ಜೆ, ಇ, ಡಿ, ಪಿ ಎಂದು ಪಂಡಿತರು ಅವಕ್ಕೆ ಗುರುತು ಕೊಟ್ಟರು. 'ಡಿ' ಎಂದರೆ ಧರ್ಮೋಪದೇಶಕಾಂಡದ ಮೂಲ, ಕ್ರಿ.ಪೂ. 622ರ ಸುಮಾರಿಗೆ ಯೋಷೀಯ ಅರಸನ ಕಾಲದಲ್ಲಿ ದೇವಾಲಯದಲ್ಲಿ ಸಿಕ್ಕಿದ ಧರ್ಮಶಾಸ್ತ್ರದ ಗ್ರಂಥಕ್ಕೂ ಇದಕ್ಕೂ ನಂಟಿದೆ ಎನ್ನುತ್ತಾರೆ. 'ಪಿ' ಎಂದರೆ ಯಾಜಕರ ಮೂಲ. ಬಾಬಿಲೋನಿಯದ ಸೆರೆವಾಸದ ಸುಮಾರಿನದು.

ಇದೇನೂ ಕೊನೆಯ ಮಾತಲ್ಲ. 1970ರ ದಶಕದ ನಂತರ ಈ ನಾಲ್ಕು ಮೂಲಗಳ ಲೆಕ್ಕಾಚಾರವನ್ನೇ ಅನೇಕ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೆ ಈ ಗ್ರಂಥಗಳು ಒಂದೇ ಕೈಯಿಂದ, ಒಂದೇ ಕಾಲದಲ್ಲಿ ಬಂದವಲ್ಲ ಎಂಬುದನ್ನು ಬಹುಪಾಲು ಪಂಡಿತರು ಒಪ್ಪುತ್ತಾರೆ.

ಧರ್ಮಸಭೆ ನಡೆದುಬಂದ ದಾರಿ

ನಮ್ಮ ಬೇಳದ ಶೋಕಮಾತೆಯ ದೇವಾಲಯ ಸ್ಥಾಪನೆಯಾದ 1890ನೇ ಇಸವಿಯಲ್ಲೇ ಜೆರುಸಲೇಮಿನಲ್ಲಿ ದೊಮಿನಿಕನ್ ಗುರು ಲಾಗ್ರಾಂಜ್ ಅವರು ಬೈಬಲ್ ಅಧ್ಯಯನ ಶಾಲೆಯನ್ನು ತೆರೆದರು. ಹೊಸ ಸಂಶೋಧನೆಗೆ ಕಣ್ಣು ಮುಚ್ಚದಿದ್ದ ಈ ಗುರುಗಳನ್ನು ಅನೇಕರು ಸಂಶಯದಿಂದ ನೋಡಿದರು. 1912ರಲ್ಲಿ ಅವರು ಕೆಲಕಾಲ ಜೆರುಸಲೇಮನ್ನೇ ಬಿಡಬೇಕಾಯಿತು. ಆದರೂ ಅವರು ಧರ್ಮಸಭೆಯನ್ನು ಬಿಡಲಿಲ್ಲ, ಅಧ್ಯಯನವನ್ನೂ ಬಿಡಲಿಲ್ಲ.

1906ರಲ್ಲಿ ರೋಮಿನ ಬೈಬಲ್ ಆಯೋಗವು, ಮೋಶೆ ಹಳೆಯ ಆಧಾರಗಳನ್ನೂ ಲಿಪಿಕಾರರನ್ನೂ ಬಳಸಿರಬಹುದು, ಆದರೆ ಮುಖ್ಯ ಕರ್ತೃ ಅವನೇ ಎಂದಿತ್ತು. 1943ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ತಮ್ಮ ವಿಶ್ವಪತ್ರದಲ್ಲಿ, ಗ್ರಂಥಕರ್ತನ ಕಾಲ, ಭಾಷೆ, ಬರವಣಿಗೆಯ ಬಗೆಗಳನ್ನು ಅಧ್ಯಯನ ಮಾಡುವಂತೆ ಪಂಡಿತರನ್ನು ಹುರಿದುಂಬಿಸಿದರು. 1948ರಲ್ಲಿ ಅದೇ ಬೈಬಲ್ ಆಯೋಗ, ಈ ಗ್ರಂಥಗಳಲ್ಲಿ ಹಳೆಯ ಮೂಲಗಳಿವೆ, ಮೋಶೆಯ ಕಟ್ಟಳೆಗಳು ಕಾಲಕ್ರಮದಲ್ಲಿ ಬೆಳೆದಿವೆ ಎಂಬುದನ್ನು ಒಪ್ಪಿತು. 1965ರಲ್ಲಿ ಎರಡನೆಯ ವತಿಕಾನ್ ಮಹಾಸಭೆ ಸ್ಪಷ್ಟವಾಗಿ ಬೋಧಿಸಿತು: ಪವಿತ್ರ ಗ್ರಂಥದ ಕರ್ತೃ ದೇವರು, ಬರೆದ ಮನುಷ್ಯರೂ ತಮ್ಮ ಬುದ್ಧಿ, ಶಕ್ತಿಗಳನ್ನು ಬಳಸಿದ ನಿಜವಾದ ಲೇಖಕರು.

ಬಾರೂಕನ ಸುರುಳಿ

ದೇವರ ವಾಕ್ಯ ಬರಹವಾದದ್ದು ಹೇಗೆಂದು ಬೈಬಲೇ ಒಂದು ಕಡೆ ಬಿಚ್ಚಿ ತೋರಿಸುತ್ತದೆ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ನೋಡಿ. ಪ್ರವಾದಿ ಹೇಳುತ್ತಾನೆ, ಬಾರೂಕ ಶಾಯಿಯಲ್ಲಿ ಸುರುಳಿಯ ಮೇಲೆ ಬರೆಯುತ್ತಾನೆ. ಚಳಿಗಾಲ, ಯೆಹೋಯಾಕೀಮ ಅರಸನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಓದಿದಂತೆಲ್ಲ ಅರಸ ಆ ಭಾಗವನ್ನು ಕತ್ತಿಯಿಂದ ಕೊಯ್ದು ಬೆಂಕಿಗೆ ಎಸೆಯುತ್ತಾನೆ. ಇಡೀ ಸುರುಳಿ ಬೂದಿಯಾಗುತ್ತದೆ. ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಮತ್ತೆ ಹೇಳುತ್ತಾನೆ, ಬಾರೂಕ ಮತ್ತೆ ಬರೆಯುತ್ತಾನೆ. ಮೊದಲಿನದಕ್ಕೆ ಇನ್ನಷ್ಟು ಮಾತುಗಳೂ ಸೇರುತ್ತವೆ.

ಒಬ್ಬನ ಬಾಯಿ, ಇನ್ನೊಬ್ಬನ ಕೈ, ನಾಶದ ನಂತರ ಎರಡನೆಯ ಪ್ರತಿ, ಅದಕ್ಕೆ ಸೇರ್ಪಡೆ. ಇಷ್ಟೆಲ್ಲ ಆದರೂ ಅದು ಪ್ರಭುವಿನ ವಾಕ್ಯವೇ. ಪ್ರೇರಣೆ ಎಂದರೆ ಮೇಲಿನಿಂದ ಸಿದ್ಧಪುಸ್ತಕವೊಂದು ಬೀಳುವುದು ಎಂದು ನಾವು ಭಾವಿಸಿದ್ದರೆ ಮಾತ್ರ ವಿದ್ವಾಂಸರ ಮಾತು ನಮ್ಮನ್ನು ಅಲುಗಾಡಿಸೀತು. ಊರು ಸುಟ್ಟು, ದೇವಾಲಯ ಉರುಳಿ, ಪರದೇಶದಲ್ಲಿ ಸೆರೆಯಾಗಿದ್ದಾಗಲೂ ಪೂರ್ವಜರು ಕಾಪಾಡಿ, ಹೇಳಿ, ಬರೆದು, ತಿದ್ದಿ ಮಕ್ಕಳಿಗೆ ದಾಟಿಸಿದ ವಾಕ್ಯ ಇದು. ಹೆಸರಿಲ್ಲದ ಆ ಲಿಪಿಕಾರರ ಜತೆಯಲ್ಲಿ ಪವಿತ್ರಾತ್ಮರು ಶತಮಾನಗಳ ಕಾಲ ಇದ್ದರು ಎಂಬುದೇ ನಮ್ಮ ವಿಶ್ವಾಸ. ಆ ಜನರನ್ನು ಐಗುಪ್ತದಿಂದ ನಡೆಸಿದವನೆಂದು ಅವರು ನೆನೆದದ್ದು ಮೋಶೆಯನ್ನೇ. ಆದ್ದರಿಂದಲೇ ಗ್ರಂಥಗಳಿಗೆ ಅವನ ಹೆಸರು ಉಳಿಯಿತು.

ಈ ವಾರ ರಾತ್ರಿಯ ಜಪಸರದ ನಂತರ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಮನೆಯವರೆಲ್ಲ ಸೇರಿ ಓದಿ. ಎರಡರಲ್ಲಿ ಏನೇನು ವ್ಯತ್ಯಾಸ ಕಾಣುತ್ತದೆ ಎಂದು ಮಕ್ಕಳನ್ನೇ ಕೇಳಿ. ಉತ್ತರ ಹೊಳೆಯದಿದ್ದರೆ ಧರ್ಮಕೇಂದ್ರದ ಗುರುಗಳ ಬಳಿ ಜತೆಯಾಗಿ ಹೋಗಿ. ಪ್ರಶ್ನೆ ಕೇಳುವ ಮಗು ಬೈಬಲನ್ನು ಕೈಯಲ್ಲಿ ಹಿಡಿದಿದೆ ಎಂಬುದನ್ನು ಮರೆಯಬೇಡಿ.